ಒಂಬತ್ತು ತಿಂಗಳ ಹೆಣ್ಣುಮಗು, ಮೂರು ತಿಂಗಳಲ್ಲಿ ಬರೀ 300 ಗ್ರಾಂ ಏರಿಕೆ: ತಾಯಿ ಕಾರ್ಡಿನ ಗೆರೆ ಓದೋದು ಹೇಗೆ?

ಅರೆಮಲೆನಾಡು:

ಎಲ್ಲರಿಗೂ ನಮಸ್ಕಾರ. ಮಗಳಿಗೆ ಒಂಬತ್ತು ತಿಂಗಳು ತುಂಬಿ ಮೂರು ದಿನ. 38 ವಾರಕ್ಕೆ ಹುಟ್ಟಿದ್ದು. ತಾಯಿ ಕಾರ್ಡಿನಲ್ಲಿ ಇರುವ ಲೆಕ್ಕ ಪೂರ್ತಿ ಕೊಡ್ತೀನಿ, ಇದನ್ನು ನೋಡಿ ಹೇಳಿ.

ಹುಟ್ಟಿದಾಗ 2.8 ಕೆಜಿ. 3 ತಿಂಗಳಿಗೆ 5.2. 6 ತಿಂಗಳಿಗೆ 6.5. 7 ತಿಂಗಳಿಗೆ 6.7. 8 ತಿಂಗಳಿಗೆ 6.7. ಈಗ 6.8. ಉದ್ದ 6 ತಿಂಗಳಿಗೆ 63.5 ಸೆಂಮೀ, ಈಗ 67. ತಲೆಯ ಸುತ್ತಳತೆ 41 ಇದ್ದದ್ದು 42.5 ಆಗಿದೆ. ಏಳೂವರೆ ತಿಂಗಳಲ್ಲಿ ಐದು ದಿನ ಭೇದಿ ಆಗಿತ್ತು, ಓಆರ್‌ಎಸ್‌ನಲ್ಲೇ ಕಡಿಮೆ ಆಯ್ತು.

ಊಟ: ಎದೆಹಾಲು ಕೇಳಿದಾಗಲೆಲ್ಲ. ಬೆಳಿಗ್ಗೆ, ಸಂಜೆ ರಾಗಿ ಸರಿ – ಒಂದು ಲೋಟ ನೀರಿಗೆ ಎರಡು ಟೀ ಚಮಚ ಹಿಟ್ಟು, ಬಾಟಲಿಯಲ್ಲಿ ಇಳಿಯುವ ಹಾಗೆ. ಮಧ್ಯಾಹ್ನ ಅನ್ನದ ತಿಳಿ, ಬೇಳೆ ಕಟ್ಟು. ನಡುವೆ ಒಂದು ಬಿಸ್ಕತ್ತು.

ನನ್ನ ಪ್ರಶ್ನೆಗಳು ಇವು. ಕಾರ್ಡಿನ ತೂಕದ ಚಾರ್ಟಿನಲ್ಲಿ ಚುಕ್ಕೆ ಇನ್ನೂ ಹಸಿರು ಪಟ್ಟಿಯಲ್ಲೇ ಇದೆ, ಹಾಗಾದ್ರೆ ಸುಮ್ಮನಿರಬಹುದಾ? ಮನೆಯಲ್ಲಿ ಹಿರಿಯರು "ನಮ್ಮ ಮನೆತನದ ಮಕ್ಕಳೇ ಸಣ್ಣ ಗಾತ್ರ" ಅಂತಾರೆ. ಅಂಗನವಾಡಿಯಲ್ಲಿ 6.8 ಬಂದದ್ದು ಅದೇ ವಾರ ಕ್ಲಿನಿಕ್ಕಿನಲ್ಲಿ 7.1 ತೋರಿಸ್ತು, ಯಾವುದನ್ನು ನಂಬೋದು? ಮಗು ಆಸರೆ ಇಲ್ಲದೆ ಕೂರುತ್ತೆ, ಎರಡೂ ಕಡೆ ಮಗುಚುತ್ತೆ, ಆದರೆ ಅಂಬೆಗಾಲು ಇಲ್ಲ, ಹಲ್ಲೂ ಬಂದಿಲ್ಲ. ವಾಕರ್ ತರಬಹುದಾ?

ವಾರ್ಡ್ ಡಾಕ್ಟರ್:

ಲೆಕ್ಕವನ್ನು ಇಷ್ಟು ಚೆನ್ನಾಗಿ ಇಟ್ಟಿದ್ದೀರಿ ಸರ್, ಅದರಿಂದಲೇ ಉತ್ತರ ಹೇಳಬಹುದು. ಸುಮ್ಮನಿರಬೇಡಿ. ಗಾಬರಿಯ ಹಂತವಲ್ಲ, ಆದರೆ ಈ ತಿಂಗಳೇ ಕೈಹಾಕಬೇಕಾದ ಕೆಲಸ.

ಹಸಿರು ಪಟ್ಟಿ ಬಹಳ ಅಗಲ. ಒಂಬತ್ತು ತಿಂಗಳ ಹೆಣ್ಣುಮಗುವಿಗೆ ನಡುಗೆರೆ (ಅರ್ಧ ಮಕ್ಕಳು ಇದರ ಮೇಲೆ, ಅರ್ಧ ಕೆಳಗೆ) 8.2 ಕೆಜಿ, ಅದರ ಕೆಳಗಿನ ಮೊದಲ ಗೆರೆ 7.3, ಹಸಿರಿನ ತಳದ ಗೆರೆ 6.5. ಹಸಿರಿನೊಳಗೇ ಒಂದು ಮಗು ಎರಡು ಮೆಟ್ಟಿಲು ಜಾರಬಹುದು, ಬಣ್ಣ ಬದಲಾಗುವುದಿಲ್ಲ. ಆದ್ದರಿಂದ ಚುಕ್ಕೆ ಎಲ್ಲಿದೆ ಎನ್ನುವುದಕ್ಕಿಂತ ಹಿಂದಿನ ಚುಕ್ಕೆಯಿಂದ ಈ ಚುಕ್ಕೆಗೆ ಎಳೆದ ಗೆರೆ ಯಾವ ಕಡೆ ವಾಲಿದೆ ಅನ್ನುವುದನ್ನು ನೋಡಬೇಕು.

ನಿಮ್ಮ ಮಗಳ ಗೆರೆ ನೋಡಿ. ಹುಟ್ಟಿದಾಗ 2.8, ಮೂರಕ್ಕೆ 5.2, ಆರಕ್ಕೆ 6.5. ಈ ಮೂರೂ ನಡುಗೆರೆಯ ಕೆಳಗಿನ ಮೊದಲ ಗೆರೆಯ ಮೇಲೇ ಕೂತಿವೆ. ಅಂದರೆ ಅದು ಅವಳ ಸ್ವಂತ ದಾರಿ. ಸಣ್ಣ ಗಾತ್ರದ ಮಗು, ತನ್ನ ದಾರಿಯಲ್ಲಿ ನೆಟ್ಟಗೆ ಬೆಳೆದಿದೆ. ಅಲ್ಲಿಯವರೆಗೆ ಮನೆಯ ಹಿರಿಯರ ಮಾತು ಸರಿ. ಏಳನೇ ತಿಂಗಳಿಗೆ 6.7, ಆ ಗೆರೆ 6.8ರಲ್ಲಿದೆ, ಅದೂ ಸರಿಯೇ. ಎಡವಟ್ಟಾಗಿರುವುದು ಅಲ್ಲಿಂದಾಚೆಗೆ. ಎಂಟಕ್ಕೆ ಗೆರೆ 7.0ಕ್ಕೆ ಹೋಯಿತು, ಮಗು 6.7ರಲ್ಲೇ ನಿಂತಿತು. ಒಂಬತ್ತಕ್ಕೆ ಗೆರೆ 7.3, ಮಗು 6.8. ಆರರಿಂದ ಒಂಬತ್ತರವರೆಗೆ ಅವಳ ದಾರಿಯಲ್ಲಿ 800 ಗ್ರಾಂ ಏರಬೇಕಿತ್ತು, 300 ಏರಿದೆ. ಮನೆತನದ ಗಾತ್ರ ಕಾರಣವಾಗಿದ್ದರೆ ಮಗು ಒಂದು ಗೆರೆ ಹಿಡಿದು ಹೋಗುತ್ತದೆ. ಏಳನೇ ತಿಂಗಳವರೆಗೆ ಹಿಡಿದ ಗೆರೆಯನ್ನು ಬಿಟ್ಟು ತೂಕ ನಿಂತುಬಿಡುವುದಕ್ಕೆ ಮನೆತನ ಕಾರಣ ಆಗುವುದಿಲ್ಲ. ಇನ್ನೊಂದು ಲೆಕ್ಕ: ತೂಕ 6.8ರಲ್ಲೇ ನಿಂತರೆ ಹತ್ತನೇ ತಿಂಗಳಿಗೂ ಚುಕ್ಕೆ ಹಸಿರಿನಲ್ಲೇ ಕಾಣುತ್ತದೆ, ಹನ್ನೊಂದಕ್ಕೆ ಹಸಿರಿನ ತಳವೇ 6.9 ಆಗುತ್ತದೆ, ಆಗ ಹಳದಿ, ಅಂದರೆ ಕಡಿಮೆ ತೂಕದ ಪಟ್ಟಿ. ಆ ಎರಡು ತಿಂಗಳನ್ನು ಬಣ್ಣ ನೋಡುತ್ತ ಕಳೆಯುವುದು ಬೇಡ.

"ಇದು ಫಾರಿನ್ ಮಕ್ಕಳ ಚಾರ್ಟು, ನಮ್ಮವರಿಗೆ ಹೊಂದಲ್ಲ" ಎನ್ನುವ ಮಾತನ್ನೂ ಕೇಳಿರುತ್ತೀರಿ. ಈ ಗೆರೆಗಳನ್ನು ವಿಶ್ವ ಆರೋಗ್ಯ ಸಂಸ್ಥೆ 2006ರಲ್ಲಿ ಕೊಟ್ಟದ್ದು, 1997ರಿಂದ 2003ರವರೆಗೆ ಆರು ದೇಶಗಳ ಮಕ್ಕಳನ್ನು ಅಳೆದು. ಅದರಲ್ಲಿ ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕದ ಜೊತೆ ನಮ್ಮ ದಕ್ಷಿಣ ದೆಹಲಿಯ ಮಕ್ಕಳೂ ಇದ್ದರು. ಎದೆಹಾಲು ಕುಡಿದು, ಸರಿಯಾದ ಮೇಲೂಟ ಸಿಕ್ಕಿ, ಮನೆಯಲ್ಲಿ ಬೀಡಿ ಸಿಗರೇಟಿನ ಹೊಗೆ ಇಲ್ಲದ ಮಕ್ಕಳನ್ನು ಆರಿಸಿದ್ದರು. ಎಲ್ಲ ದೇಶದ ಮಕ್ಕಳೂ ಉದ್ದದಲ್ಲಿ ಹೆಚ್ಚುಕಮ್ಮಿ ಒಂದೇ ಥರ ಬೆಳೆದರು.

ಇನ್ನು ಮೂರು ಅಳತೆಯನ್ನು ಒಟ್ಟಿಗೆ ಇಟ್ಟು ನೋಡಿ. ತೂಕ ಜಾರಿದೆ. ಉದ್ದ 63.5 ಇದ್ದದ್ದು ತನ್ನ ಗೆರೆಯ ಮೇಲಿತ್ತು, ಈಗ 67, ಗೆರೆ 67.7. ಕೂದಲೆಳೆಯಷ್ಟು ಕೆಳಗೆ, ಅಳತೆಯ ತಪ್ಪೂ ಇರಬಹುದು. ತಲೆ ತನ್ನ ಗೆರೆಯಲ್ಲೇ ಇದೆ. ಈ ಕ್ರಮ ಬಹಳ ಹೇಳುತ್ತದೆ. ಹೊಟ್ಟೆಗೆ ಸಾಲದೆ ಹೋದಾಗ ಮೊದಲು ತೂಕ ನಿಲ್ಲುತ್ತದೆ, ತಿಂಗಳುಗಟ್ಟಲೆ ಹಾಗೇ ಬಿಟ್ಟರೆ ಉದ್ದ ಕುಂಠಿತವಾಗುತ್ತದೆ, ತಲೆಯನ್ನು ದೇಹ ಕೊನೆಯವರೆಗೂ ಕಾಪಾಡಿಕೊಳ್ಳುತ್ತದೆ. ಉದ್ದ ಮೊದಲು ನಿಂತು ತೂಕ ಚೆನ್ನಾಗಿದ್ದರೆ ಥೈರಾಯ್ಡ್, ಬೆಳವಣಿಗೆಯ ಹಾರ್ಮೋನು ಇವುಗಳ ಕಡೆ ನೋಡುತ್ತೇವೆ. ಮೂರೂ ಹುಟ್ಟಿನಿಂದಲೇ ಒಟ್ಟಿಗೆ ಹಿಂದಿದ್ದರೆ ಗರ್ಭದಲ್ಲಿದ್ದಾಗಿನ ಕಾರಣ ಹುಡುಕುತ್ತೇವೆ. ನಿಮ್ಮ ಮಗಳದ್ದು ಮೊದಲನೆಯದು: ಊಟ ಸಾಲುತ್ತಿಲ್ಲ.

ಯಾಕೆ ಸಾಲುತ್ತಿಲ್ಲ ಎನ್ನುವುದಕ್ಕೆ ನಿಮ್ಮ ಪಟ್ಟಿಯಲ್ಲೇ ಸುಳಿವಿದೆ. ಒಂದು ಪ್ರಶ್ನೆಗೆ ಉತ್ತರ ಕೊಡಿ: ಭೇದಿಯಾದಾಗ "ಹೊಟ್ಟೆಗೆ ಹಗುರ ಇರಲಿ" ಅಂತ ಸರಿಯನ್ನು ತೆಳು ಮಾಡಿದಿರಾ? ಮಾಡಿದ್ದರೆ, ಮತ್ತೆ ಗಟ್ಟಿ ಮಾಡಿದ್ದು ಯಾವಾಗ?

ಅರೆಮಲೆನಾಡು:

ಡಾಕ್ಟ್ರೇ, ಹೌದು. ಅದಕ್ಕೆ ಮುಂಚೆ ಚಮಚದಲ್ಲಿ ತಿನ್ನಿಸ್ತಾ ಇದ್ವಿ, ಭೇದಿ ಆದಾಗ ತೆಳು ಮಾಡಿ ಬಾಟಲಿಗೆ ಹಾಕಿದ್ದು. ಆಮೇಲೆ ಬಾಟಲಿಯಲ್ಲೇ ಸುಲಭ ಅಂತ ಹಾಗೇ ಮುಂದುವರೀತು. ಈಗ ಚಮಚ ತಂದ್ರೆ ಮುಖ ತಿರುಗಿಸ್ತಾಳೆ. ಅಂಗಡಿಯ ಡಬ್ಬದ ಪುಡಿ ಶುರು ಮಾಡ್ಲಾ, ಹಸುವಿನ ಹಾಲು ಕೊಡ್ಲಾ?

ಅಂಗನವಾಡಿ ಟೀಚರ್ ಚಿತ್ರದುರ್ಗ:

ಸರ್, 6.8 ಮತ್ತು 7.1ರ ಗೊಂದಲಕ್ಕೆ ನಾನು ಹೇಳ್ತೀನಿ. ಎರಡು ತಕ್ಕಡಿಯ ತೂಕವನ್ನು ಒಂದೇ ಗೆರೆಯಲ್ಲಿ ಸೇರಿಸಬೇಡಿ. 300 ಗ್ರಾಂ ವ್ಯತ್ಯಾಸ ಬಹಳ ಸುಲಭವಾಗಿ ಬರುತ್ತೆ: ಮೂತ್ರ ತುಂಬಿದ ಡೈಪರ್ 150ರಿಂದ 200 ಗ್ರಾಂ, ಸ್ವೆಟರ್, ಟೋಪಿ, ಕಾಲ್ಗೆಜ್ಜೆ ಸೇರಿ ಇನ್ನೊಂದು 150, ಆಗ ತಾನೇ ಕುಡಿದ ಹಾಲು 100. ನೇತುಹಾಕುವ ತಕ್ಕಡಿಯಾದರೆ ಒಂದೊಂದು ಗೀಟೂ 100 ಗ್ರಾಂ, ಮಗು ಒದ್ದಾಡಿದರೆ ಮುಳ್ಳು ಎರಡು ಗೀಟು ಆಚೀಚೆ ಕುಣಿಯುತ್ತೆ. ಸ್ಪ್ರಿಂಗ್ ಹಳೆಯದಾದರೆ ಜೋಲಿ ಬಿದ್ದು ಹೆಚ್ಚು ತೋರಿಸೋದೂ ಉಂಟು.

ಹೀಗೆ ಮಾಡಿ. ಒಂದೇ ಜಾಗ, ಒಂದೇ ತಕ್ಕಡಿ, ತಿಂಗಳಿಗೆ ಒಂದು ಸಲ, ಬೆಳಿಗ್ಗೆ ಹಾಲು ಕುಡಿಯುವ ಮುಂಚೆ, ಮೈಮೇಲೆ ಬಟ್ಟೆ ಇಲ್ಲದೆ. ಚಳಿ ಅನ್ನಿಸಿದರೆ ಒಂದು ಟವೆಲ್ ಹಾಕಿ ಮೊದಲು ಅದನ್ನು ಸೊನ್ನೆಗೆ ತನ್ನಿ, ಆಮೇಲೆ ಮಗುವನ್ನು ಮಲಗಿಸಿ. ಮಗು ಏರಿಸುವ ಮುಂಚೆ ಸೊನ್ನೆ ಇದೆಯಾ ನೋಡಿ. ತಕ್ಕಡಿ ಸರಿಯಿದೆಯೋ ಅನ್ನುವ ಅನುಮಾನ ಬಂದರೆ ಅಂಗಡಿಯವರ 5 ಕೆಜಿ ತೂಕದ ಬಟ್ಟು ಇಟ್ಟು ನೋಡಿ, ಕೇಳೋದಕ್ಕೆ ಸಂಕೋಚ ಪಡಬೇಡಿ. ಎರಡು ಸಲ ತೂಗಿ, ಎರಡರ ನಡುವೆ 100 ಗ್ರಾಂಗಿಂತ ಹೆಚ್ಚು ಬಂದರೆ ಮೂರನೇ ಸಲ ತೂಗಬೇಕು.

ಉದ್ದ ಅಳೆಯುವಾಗ ಇನ್ನೂ ಹೆಚ್ಚು ತಪ್ಪಾಗುತ್ತೆ. ಎರಡು ವರ್ಷದ ಒಳಗಿನ ಮಕ್ಕಳನ್ನು ಮಲಗಿಸಿಯೇ ಅಳೀಬೇಕು, ಅದಕ್ಕೆ ಇಬ್ಬರು ಬೇಕು. ಒಬ್ಬರು ತಲೆ ಹಿಡಿದು ನೆತ್ತಿ ಮೇಲಿನ ಹಲಗೆಗೆ ತಾಗಿಸಿ, ಮಗುವಿನ ಕಣ್ಣು ನೇರ ಸೂರಿನ ಕಡೆ ನೋಡುವ ಹಾಗೆ ಇಡಬೇಕು. ಇನ್ನೊಬ್ಬರು ಎರಡೂ ಮಂಡಿಯನ್ನು ಮೆಲ್ಲಗೆ ಒತ್ತಿ ಕಾಲು ನೀಡಿಸಿ, ಸರಿಯುವ ಹಲಗೆಯನ್ನು ಅಂಗಾಲಿಗೆ ತರಬೇಕು, ಬೆರಳು ಮೇಲ್ಮುಖವಾಗಿ. ಒಂದೇ ಕಾಲು ಹಿಡಿದು ಎಳೆದರೆ ಸೊಂಟ ಓರೆಯಾಗಿ ಒಂದು ಸೆಂಮೀ ಕಳೆದುಹೋಗುತ್ತೆ. ಜುಟ್ಟು ಕಟ್ಟಿದ್ದರೆ ಬಿಚ್ಚಿ. ಎರಡು ಅಳತೆಯ ನಡುವೆ 0.7 ಸೆಂಮೀಗಿಂತ ಹೆಚ್ಚು ಬಂದರೆ ಮತ್ತೆ ಅಳೆಯೋದು. ಎರಡು ವರ್ಷ ದಾಟಿದ ಮೇಲೆ ನಿಲ್ಲಿಸಿ ಅಳೀತೀವಿ, ಆಗ ಮಲಗಿಸಿದ್ದಕ್ಕಿಂತ ಸುಮಾರು 0.7 ಸೆಂಮೀ ಕಡಿಮೆ ಬರುತ್ತೆ. ಅದನ್ನು ನೋಡಿ ಮಗು ಕುಗ್ಗಿತು ಅಂತ ಯಾರೂ ಹೆದರಬಾರದು.

ತಲೆ ಅಳೆಯೋದಕ್ಕೆ ಟೈಲರ್ ಟೇಪ್ ಬೇಡ, ಅದು ಹಿಗ್ಗುತ್ತೆ. ಹುಬ್ಬಿನ ಮೇಲೆ, ಹಿಂದೆ ಎಲ್ಲಕ್ಕಿಂತ ಉಬ್ಬಿದ ಜಾಗ ಸುತ್ತಿ ಬಂದರೆ ಅದೇ ಅಳತೆ. ತೋಳಿನ ಸುತ್ತಳತೆಯನ್ನೂ ಒಂದು ಸಲ ಅಳೆಸಿ: ಎಡಗೈ, ಭುಜದ ಮೂಳೆ ತುದಿ ಮತ್ತು ಮೊಣಕೈ ತುದಿಯ ನಟ್ಟನಡುವೆ. ನಡು ಗುರುತಿಸುವಾಗ ಕೈ ಮಡಚಿರಲಿ, ಅಳೆಯುವಾಗ ಇಳಿಬಿಟ್ಟಿರಲಿ. ಆರು ತಿಂಗಳಿಂದ ಐದು ವರ್ಷದವರೆಗೆ 12.5 ಸೆಂಮೀ ಮೇಲಿದ್ದರೆ ಸಮಾಧಾನ. 11.5ರ ಕೆಳಗೆ ಇದ್ದರೆ ಅದೇ ದಿನ ಆಸ್ಪತ್ರೆ.

ಚುಕ್ಕೆ ಹಾಕುವಾಗ ತುಂಬಿದ ತಿಂಗಳನ್ನು ಮಾತ್ರ ಎಣಿಸಿ. ಎಂಟು ತಿಂಗಳು ಇಪ್ಪತ್ತು ದಿನದ ಮಗುವನ್ನು "ಒಂಬತ್ತು ನಡೀತಿದೆ" ಅಂತ ಒಂಬತ್ತರ ಗೀಟಿಗೆ ಹಾಕಿದರೆ ಇಲ್ಲದ ಇಳಿಜಾರು ಕಾಣುತ್ತೆ. ಹೆಣ್ಣುಮಗುವಿನ ತೂಕವನ್ನು ಗಂಡುಮಗುವಿನ ಪುಟದಲ್ಲಿ ಗುರುತಿಸಿದ ಕಾರ್ಡುಗಳೂ ಸಿಗ್ತವೆ, ಪುಟದ ಬಣ್ಣ ನೋಡ್ಕೊಳ್ಳಿ: ಗುಲಾಬಿ ಹೆಣ್ಣಿಗೆ, ನೀಲಿ ಗಂಡಿಗೆ.

ಸರಿಹಿಟ್ಟು (ಮಕ್ಕಳ ಆಹಾರ ತಜ್ಞೆ):

ಈಗ ಕೊಡುತ್ತಿರುವ ಸರಿಯ ಲೆಕ್ಕ ಹಾಕೋಣ. ಎರಡು ಟೀ ಚಮಚ ರಾಗಿ ಹಿಟ್ಟು ಅಂದರೆ ಹೆಚ್ಚೆಂದರೆ 8 ಗ್ರಾಂ, 26 ಕ್ಯಾಲರಿ. ದಿನಕ್ಕೆ ಎರಡು ಸಲಕ್ಕೆ 52. ಅನ್ನದ ತಿಳಿ, ಬೇಳೆ ಕಟ್ಟಿನಲ್ಲಿ ಇರುವುದು ಬಹುತೇಕ ನೀರು ಮತ್ತು ಉಪ್ಪು. ಬೇಳೆಯ ಸತ್ವವೆಲ್ಲ ಪಾತ್ರೆಯ ತಳದಲ್ಲಿ ಉಳಿದು ದೊಡ್ಡವರ ಸಾರಿಗೆ ಹೋಗುತ್ತದೆ. ಎಲ್ಲ ಕೂಡಿಸಿದರೂ ನೂರು ಚಿಲ್ಲರೆ ಕ್ಯಾಲರಿ. ಒಂಬತ್ತರಿಂದ ಹನ್ನೊಂದು ತಿಂಗಳ ಮಗುವಿಗೆ ಎದೆಹಾಲಿನ ಜೊತೆ ಮೇಲೂಟದಿಂದ ದಿನಕ್ಕೆ 300 ಕ್ಯಾಲರಿ ಬೇಕು.

ಹೆಚ್ಚು ಕುಡಿಸಿ ಸರಿದೂಗಿಸಲು ಆಗುವುದಿಲ್ಲ. ಈ ವಯಸ್ಸಿನಲ್ಲಿ ಹೊಟ್ಟೆ ಹಿಡಿಯುವುದು ಕೆಜಿಗೆ 30 ಮಿಲಿಯಂತೆ, ನಿಮ್ಮ ಮಗಳಿಗೆ ಸುಮಾರು 200 ಮಿಲಿ. ಅಷ್ಟನ್ನು ತೆಳು ಸರಿಯಿಂದಲೇ ತುಂಬಿಸಿದರೆ ಹೊಟ್ಟೆ ತುಂಬಿತು ಅಂತ ಮಗು ಮಲಗುತ್ತದೆ, ಎದೆಹಾಲನ್ನೂ ಕಡಿಮೆ ಕುಡಿಯುತ್ತದೆ. ಎದೆಹಾಲು 100 ಮಿಲಿಗೆ 65 ಕ್ಯಾಲರಿಯ ಹತ್ತಿರ, ಈ ಸರಿ 100 ಮಿಲಿಗೆ 13. ಒಳ್ಳೆಯದನ್ನು ಹೊರಗಿಟ್ಟು ನೀರನ್ನು ಒಳಗೆ ಬಿಟ್ಟ ಹಾಗಾಯಿತು.

ಗಟ್ಟಿ ಎಂದರೆ ಎಷ್ಟು? ಚಮಚ ಓರೆ ಮಾಡಿದರೆ ಸರಿ ತೊಟ್ಟಿಕ್ಕಬಾರದು, ನಿಧಾನಕ್ಕೆ ಜಾರಬೇಕು. ಬಾಟಲಿಯಲ್ಲಿ ಇಳಿಯುವ ಸರಿ ಈ ವಯಸ್ಸಿಗೆ ಊಟವೇ ಅಲ್ಲ. ಬಾಟಲಿಯನ್ನು ಇಂದೇ ಎತ್ತಿಡಿ, ಅದರ ನಿಪ್ಪಲ್ಲಿನ ಒಳಗೆ ಅಂಟಿದ ಹಿಟ್ಟು ಮುಂದಿನ ಭೇದಿಗೆ ದಾರಿ.

ಅಳತೆ ಇದು. 200 ಮಿಲಿ ನೀರಿಗೆ ಮೂರು ಟೇಬಲ್ ಚಮಚ ಸರಿಹಿಟ್ಟು, ಸುಮಾರು 28 ಗ್ರಾಂ, 90 ಕ್ಯಾಲರಿ. ತಣ್ಣೀರಲ್ಲೇ ಗಂಟಿಲ್ಲದೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಿ ಎಂಟು ಹತ್ತು ನಿಮಿಷ ಬೇಯಿಸಿ. ಹಸಿ ವಾಸನೆ ಹೋಗಿ ಮೇಲೆ ಹೊಳಪು ಬರಬೇಕು. ಇಳಿಸಿದ ಮೇಲೆ ಒಂದು ಟೀ ಚಮಚ ತುಪ್ಪ, ಅದು 45 ಕ್ಯಾಲರಿ. ಹೀಗೆ ಒಂದು ಬಟ್ಟಲಿಗೆ 135.

ಇಷ್ಟು ಹಿಟ್ಟು ಹಾಕಿದರೆ ಆರಿದಾಗ ಹಲ್ವದಂತೆ ಬಿಗಿಯುತ್ತದೆ, ಮಗು ನುಂಗಲಾರದೆ ಉಗುಳುತ್ತದೆ. ಆಗ ಎಲ್ಲರೂ ಮಾಡುವ ತಪ್ಪು ನೀರು ಸುರಿಯುವುದು. ಅದರ ಬದಲು ಮೊಳಕೆ ರಾಗಿ ಹಿಟ್ಟು ಒಂದು ಟೀ ಚಮಚ ತೆಗೆದುಕೊಳ್ಳಿ. ಗಟ್ಟಿ ಸರಿಯನ್ನು ಒಲೆಯಿಂದ ಇಳಿಸಿ, ಕುದಿ ಅಡಗಿ ಹಬೆ ಮಾತ್ರ ಆಡುತ್ತಿರುವಾಗ ಇದನ್ನು ಉದುರಿಸಿ ಚೆನ್ನಾಗಿ ತಿರುವಿ, ಐದು ನಿಮಿಷ ಮುಚ್ಚಿಡಿ. ಮುಚ್ಚಳ ತೆಗೆದರೆ ಚಮಚ ನಿಲ್ಲುತ್ತಿದ್ದ ಸರಿ ಮಜ್ಜಿಗೆಹುಳಿಯ ಹದಕ್ಕೆ ಬಂದಿರುತ್ತದೆ, ಒಂದು ತೊಟ್ಟು ನೀರೂ ಹಾಕದೆ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎನ್ನುವ ಕಿಣ್ವ ಪಿಷ್ಟದ ಉದ್ದ ಸರಪಳಿಯನ್ನು ಕತ್ತರಿಸುತ್ತದೆ. ಕ್ಯಾಲರಿ ಅಷ್ಟೇ ಇರುತ್ತದೆ, ಅಂಟು ಹೋಗುತ್ತದೆ. ಆಮೇಲೆ ಮತ್ತೆ ಒಂದು ಕುದಿ ಬರಿಸಿ ಆರಿಸಿ ತಿನ್ನಿಸಿ, ಯಾಕೆಂದರೆ ಆಮೇಲೆ ಸೇರಿಸಿದ ಹಿಟ್ಟು ಬೆಂದಿರುವುದಿಲ್ಲ.

ಇದು ಕೆಲಸ ಮಾಡದಿದ್ದರೆ ಕಾರಣ ಸಾಮಾನ್ಯವಾಗಿ ಎರಡು. ಕುದಿಯುವಾಗಲೇ ಹಾಕಿದರೆ ಕಿಣ್ವ ಸತ್ತುಹೋಗುತ್ತದೆ. ಮೊಳಕೆ ರಾಗಿಯನ್ನು ಘಮ್ಮೆನ್ನುವವರೆಗೆ ಹುರಿದಿದ್ದರೂ ಅಷ್ಟೇ. ಈ ಒಂದು ಚಮಚದ ಹಿಟ್ಟಿಗಾಗಿ ಸ್ವಲ್ಪ ಮೊಳಕೆ ರಾಗಿಯನ್ನು ಹುರಿಯದೆ ಬೇರೆ ಬೀಸಿಟ್ಟುಕೊಳ್ಳಿ. ರಾಗಿಯನ್ನು ಹತ್ತು ಹನ್ನೆರಡು ಗಂಟೆ ನೆನೆಸಿ, ನೀರು ಬಸಿದು, ಒದ್ದೆ ಬಿಳಿಬಟ್ಟೆಯಲ್ಲಿ ಕಟ್ಟಿ ಒಂದೂವರೆ ದಿನ ಇಡಿ, ಬಟ್ಟೆ ಒಣಗದ ಹಾಗೆ ನೀರು ಚಿಮುಕಿಸುತ್ತ. ಅರ್ಧ ಸೆಂಮೀ ಮೊಳಕೆ ಸಾಕು. ತೆಳ್ಳಗೆ ಹರಡಿ ಗರಿಗರಿ ಒಣಗಿಸಿ, ಅಂಗೈಯಲ್ಲಿ ಉಜ್ಜಿ ಮೊಳಕೆ ಉದುರಿಸಿ, ಬೀಸಿ ವಸ್ತ್ರಗಾಳಿತ ಮಾಡಿ. ಮಳೆಗಾಲದಲ್ಲಿ ನಿಮ್ಮ ಕಡೆ ಒಣಗುವುದು ತಡ, ಮುಗ್ಗಲು ವಾಸನೆ ಬಂದರೆ ಅಥವಾ ಬಣ್ಣದ ಬೂಸ್ಟು ಕಂಡರೆ ಇಡೀ ಗಂಟನ್ನು ಎಸೆಯಿರಿ, ತೊಳೆದು ಉಳಿಸಿಕೊಳ್ಳಬೇಡಿ.

ಮಧ್ಯಾಹ್ನ: ಎರಡು ಭಾಗ ಅಕ್ಕಿ, ಒಂದು ಭಾಗ ಹೆಸರುಬೇಳೆ, ಒಂದು ತುಂಡು ಕುಂಬಳ ಅಥವಾ ಕ್ಯಾರೆಟ್ಟು ಕುಕ್ಕರಿನಲ್ಲಿ ಮೆತ್ತಗೆ ಬೇಯಿಸಿ ಚಮಚದಿಂದಲೇ ಹಿಸುಕಿ. ಮಿಕ್ಸಿಗೆ ಹಾಕಬೇಡಿ. ಒಂಬತ್ತು ತಿಂಗಳಿಗೆ ಸಣ್ಣ ಸಣ್ಣ ಮೆತ್ತನೆ ಅಗುಳು ಬಾಯಿಗೆ ಸಿಗಬೇಕು, ಇಲ್ಲದಿದ್ದರೆ ಅಗಿಯುವುದು ಕಲಿಯುವ ಹೊತ್ತು ಮೀರುತ್ತದೆ. ವಸಡಿನಲ್ಲೇ ಅಗಿಯುತ್ತಾರೆ, ಹಲ್ಲಿಗಾಗಿ ಕಾಯಬೇಕಿಲ್ಲ. ನಿಮ್ಮ ಮನೆಯಲ್ಲಿ ಮೊಟ್ಟೆ ತಿನ್ನುವುದಾದರೆ ಗಟ್ಟಿಯಾಗಿ ಬೇಯಿಸಿದ ಒಂದು ಮೊಟ್ಟೆ, ಬಿಳಿ ಹಳದಿ ಎರಡೂ: 70 ಕ್ಯಾಲರಿ, 6 ಗ್ರಾಂ ಪ್ರೋಟೀನು. ತಿನ್ನದವರು ಹುರಿದ ಕಡಲೆಕಾಯಿ ಬೀಜದ ನುಣ್ಣನೆ ಪುಡಿಯನ್ನು ಸರಿಗೆ ಬೆರೆಸಿ ಕೊಡಬಹುದು. ಇಡೀ ಬೀಜ ಮಾತ್ರ ಬೇಡವೇ ಬೇಡ, ಉಸಿರುಗೊಳವೆಗೆ ಸಿಕ್ಕಿಕೊಳ್ಳುತ್ತದೆ. ನಡುವೆ ಬಿಸ್ಕತ್ತಿನ ಬದಲು ಅರ್ಧ ಬಾಳೆಹಣ್ಣು ಹಿಸುಕಿ ಕೊಡಿ.

ವರ್ಷ ತುಂಬುವವರೆಗೆ ಸಕ್ಕರೆ, ಬೆಲ್ಲ, ಉಪ್ಪು ಸೇರಿಸಬೇಡಿ. ಜೇನುತುಪ್ಪ ನಾಲಿಗೆಗೂ ಸವರಬೇಡಿ. ಹಸುವಿನ ಹಾಲು ಲೋಟಗಟ್ಟಲೆ ಕುಡಿಸುವುದೂ ವರ್ಷದ ನಂತರವೇ, ಅದು ಕಬ್ಬಿಣವನ್ನು ಹೀರಲು ಬಿಡುವುದಿಲ್ಲ. ಒಂದೆರಡು ಚಮಚ ಮೊಸರು ಅನ್ನಕ್ಕೆ ಕಲಸಿದರೆ ತೊಂದರೆ ಇಲ್ಲ. ಡಬ್ಬದ ಪುಡಿ ಬೇಕೇ ಬೇಕು ಅಂತೇನಿಲ್ಲ, ಹಲವದರಲ್ಲಿ ಸಕ್ಕರೆ ಸೇರಿರುತ್ತದೆ, ಕೊಳ್ಳುವುದಾದರೆ ಹಿಂದಿನ ಪಟ್ಟಿ ಓದಿ. ಅಂಗನವಾಡಿಯಿಂದ ಮನೆಗೆ ಕೊಡುವ ಪುಷ್ಟಿ ಪುಡಿಯನ್ನು ಬಿಡಬೇಡಿ.

ಚಮಚಕ್ಕೆ ಮುಖ ತಿರುಗಿಸುವುದು ಬಾಟಲಿಯ ಅಭ್ಯಾಸದಿಂದ. ನಾಲ್ಕೈದು ದಿನ ಹಿಡಿಯುತ್ತದೆ, ಸೋಲಬೇಡಿ. ಎದೆಹಾಲು ಕುಡಿದು ಒಂದೂವರೆ ಎರಡು ಗಂಟೆ ಕಳೆದ ಮೇಲೆ, ಹಸಿವಿದ್ದಾಗ ಕೂರಿಸಿ. ಎದುರಿಗೆ ನೀವೂ ಒಂದು ತುತ್ತು ತಿನ್ನಿ. ಅವಳ ಕೈಗೂ ಒಂದು ಚಮಚ ಕೊಡಿ. ಅರ್ಧ ಗಂಟೆಗಿಂತ ಹೆಚ್ಚು ಎಳೆಯಬೇಡಿ, ಬಾಯಿ ಬಿಗಿದರೆ ನಿಲ್ಲಿಸಿ. ಮೂಗು ಹಿಡಿದು, ಕಾಲ ಮೇಲೆ ಅಂಗಾತ ಹಾಕಿ ಹುಯ್ಯುವುದು ಬೇಡ, ಶ್ವಾಸಕೋಶಕ್ಕೆ ಹೋಗುತ್ತದೆ. ಮೊಬೈಲ್ ತೋರಿಸಿ ತಿನ್ನಿಸಿದರೆ ಮಗುವಿಗೆ ತನ್ನ ಹಸಿವು ತಣಿದದ್ದೇ ತಿಳಿಯುವುದಿಲ್ಲ.

ಫಿಸಿಯೋ ಧಾರವಾಡ:

ಅಂಬೆಗಾಲಿಂದು ಕಾಳಜಿ ಬ್ಯಾಡ್ರಿ. ವಿಶ್ವ ಆರೋಗ್ಯ ಸಂಸ್ಥೆಯ ಅದೇ ಅಧ್ಯಯನದಲ್ಲಿ ಮಕ್ಕಳ ಚಲನೆಯನ್ನೂ ಗುರುತಿಸಿದ್ದರು. ಆಸರೆ ಇಲ್ಲದೆ ಕೂರುವುದು 3.8ರಿಂದ 9.2 ತಿಂಗಳ ಒಳಗೆ, ಅಂಬೆಗಾಲು 5.2ರಿಂದ 13.5, ಆಸರೆ ಹಿಡಿದು ನಿಲ್ಲುವುದು 4.8ರಿಂದ 11.4, ತಾನೇ ನಡೆಯುವುದು 8.2ರಿಂದ 17.6. ನೂರರಲ್ಲಿ ನಾಲ್ಕು ಮಕ್ಕಳು ಅಂಬೆಗಾಲು ಇಡದೆಯೇ ನೇರ ಎದ್ದು ನಡೆದವು. ನಿಮ್ಮ ಕೂಸು ಕೂತಿದೆ ಅಂದರೆ ದಾರಿಯಲ್ಲೇ ಇದೆ.

ವಾಕರ್ ಮಾತ್ರ ತರಬೇಡಿ. ಅದರಲ್ಲಿ ಕೂಸು ತುದಿಬೆರಳಿನಲ್ಲಿ ನೆಲ ಒದ್ದು ಸಾಗುತ್ತದೆ, ಸೊಂಟಕ್ಕೆ ಭಾರ ಹೊರುವ ಕೆಲಸವೇ ಬೀಳುವುದಿಲ್ಲ, ನಡಿಗೆ ಬೇಗ ಬರುವ ಬದಲು ತಡವಾಗಬಹುದು. ಮೆಟ್ಟಿಲಿನಿಂದ ಉರುಳುವುದು, ಒಲೆ ಹತ್ತಿರ ಹೋಗಿ ಬಿಸಿ ಸುರಿದುಕೊಳ್ಳುವುದು ಬೇರೆ. ಕೆನಡಾದಲ್ಲಿ 2004ರಿಂದ ಇದರ ಮಾರಾಟವನ್ನೇ ನಿಷೇಧಿಸಿದ್ದಾರೆ. ಆ ದುಡ್ಡಿಗೆ ಒಂದು ದಪ್ಪ ಜಮಖಾನ ಹಾಸಿ ನೆಲಕ್ಕೆ ಬಿಡಿ. ದಿನದಲ್ಲಿ ಎಷ್ಟು ಹೊತ್ತು ಕಂಕುಳಲ್ಲಿ, ತೊಟ್ಟಿಲಲ್ಲಿ ಇರುತ್ತದೆ ಲೆಕ್ಕ ಹಾಕಿ ನೋಡಿ, ಅಂಬೆಗಾಲು ತಡವಾಗಲು ಬಹಳ ಸಲ ಅದೇ ಕಾರಣ. ಹೊಟ್ಟೆಮೇಲೆ ಮಲಗಿಸಿ ಆಟಿಕೆಯನ್ನು ಕೈಗೆ ಎಟುಕುವುದಕ್ಕಿಂತ ಒಂದು ಗೇಣು ಆಚೆ ಇಡಿ. ಕೂತಾಗ ಪಕ್ಕಕ್ಕೆ ಇಡಿ, ತಿರುಗಿ ಒಂದು ಕೈ ಊರಿ ಎತ್ತಿಕೊಳ್ಳಲು ಹೋದಾಗ ಮೊಣಕಾಲು ತಾನೇ ಅಡಿಗೆ ಬರುತ್ತದೆ.

ನೀವೇ ಒಂದು ಪರೀಕ್ಷೆ ಮಾಡಬಹುದು. ಸ್ವಚ್ಛ ತಟ್ಟೆಯಲ್ಲಿ ಒಂದೇ ಒಂದು ಕಡ್ಲೆಪುರಿ ಇಡಿ, ನೀವು ಎದುರೇ ಕೂತಿರಿ. ಮೊದಲೆಲ್ಲ ಇಡೀ ಅಂಗೈಯಿಂದ ಬಾಚಿಕೊಳ್ಳುತ್ತದೆ. ಒಂಬತ್ತರಿಂದ ಹನ್ನೆರಡು ತಿಂಗಳ ನಡುವೆ ಹೆಬ್ಬೆರಳು ತೋರುಬೆರಳು ಎರಡೇ ಸೇರಿಸಿ ಎತ್ತುವುದು ಬರುತ್ತದೆ. ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಮುಷ್ಟಿ ಕಟ್ಟಿಯೇ ಇಟ್ಟುಕೊಂಡರೆ ತೋರಿಸಿ, ಇಷ್ಟು ಚಿಕ್ಕ ವಯಸ್ಸಿಗೆ ಎಡಚ, ಬಲಚ ಅಂತ ಇರುವುದಿಲ್ಲ. ಮೊದಲು ಬರುತ್ತಿದ್ದದ್ದು ಈಗ ನಿಂತುಹೋಗಿದ್ದರೆ ಒಂದು ದಿನವೂ ಕಾಯಬಾರದು.

ಮೊದಲ ಹಲ್ಲು ವರ್ಷದ ಮೇಲೆ ಬರುವ ಮಕ್ಕಳೂ ಇದ್ದಾರೆ. ಎಣ್ಣೆ ನೀರಿಗೆ ಅಡ್ಡಿ ಇಲ್ಲ, ಆದರೆ ತಲೆಯ ಆಕಾರ ತಿದ್ದಲು ಒತ್ತುವುದು, ಕಾಲು ನೆಟ್ಟಗಾಗಲಿ ಅಂತ ಜೋಡಿಸಿ ಎಳೆಯುವುದು ಬೇಡ. ಎರಡು ವರ್ಷದ ಒಳಗೆ ಕಾಲು ಬಿಲ್ಲಿನಂತೆ ಸ್ವಲ್ಪ ಬಾಗಿರುವುದು ಸಹಜ.

ಅರೆಮಲೆನಾಡು:

ನಾಳೆಯಿಂದ ಬಾಟಲಿ ಬಂದ್. ಕಡ್ಲೆಪುರಿ ಇಟ್ಟು ನೋಡಿದೆ, ಎರಡು ಸಲ ಬಾಚಿ, ಮೂರನೇ ಸಲ ಎರಡೇ ಬೆರಳಲ್ಲಿ ಎತ್ತಿದಳು, ಎರಡೂ ಕೈಯಲ್ಲೂ. ತೋಳು ಅಳೆಸಿದೆ, 13.1. ಇನ್ನು ಒಂದೇ ಪ್ರಶ್ನೆ: ರಕ್ತ ಪರೀಕ್ಷೆ ಈಗಲೇ ಬೇಕಾ? ಯಾವಾಗ ತೂಗಿದರೆ ಫಲ ಗೊತ್ತಾಗುತ್ತೆ?

ವಾರ್ಡ್ ಡಾಕ್ಟರ್:

13.1 ಒಳ್ಳೆಯ ಸುದ್ದಿ. ಊಟದಲ್ಲೇ ಇಷ್ಟು ಸ್ಪಷ್ಟ ಕಾರಣ ಕಂಡಾಗ ನಾನು ಮೊದಲು ಊಟ ಸರಿಮಾಡಿಸಿ ನಾಲ್ಕು ವಾರ ನೋಡುತ್ತೇನೆ. ಅದೇ ತಕ್ಕಡಿಯಲ್ಲಿ ಹತ್ತು ತಿಂಗಳು ತುಂಬಿದ ದಿನ ತೂಗಿ. ಅವಳ ಹಳೆಯ ಗೆರೆ ಹನ್ನೆರಡನೇ ತಿಂಗಳಿಗೆ 7.9ರಲ್ಲಿದೆ. ಅಲ್ಲಿಗೆ ಮುಟ್ಟಲು ದಿನಕ್ಕೆ ಸುಮಾರು 12 ಗ್ರಾಂ ಬೇಕು, ಅಂದರೆ ನಾಲ್ಕು ವಾರಕ್ಕೆ 330ರ ಆಸುಪಾಸು. 300 ದಾಟಿದರೆ ಇದೇ ಊಟ ಮುಂದುವರಿಸಿ. 150ರ ಒಳಗೆ ನಿಂತರೆ ಪರೀಕ್ಷೆಗಳಿಗೆ ಕಳಿಸುತ್ತೇನೆ: ಹಿಮೋಗ್ಲೋಬಿನ್ ಸೇರಿ ಪೂರ್ತಿ ರಕ್ತಕಣ ಎಣಿಕೆ, ಮೂತ್ರದ ಕಲ್ಚರ್ (ಮೂತ್ರದಲ್ಲಿ ರೋಗಾಣು ಇದೆಯೇ ಎಂದು ಬೆಳೆಸಿ ನೋಡುವುದು), ಥೈರಾಯ್ಡ್. ಹೆಣ್ಣುಮಕ್ಕಳಲ್ಲಿ ಮೂತ್ರದ ಸೋಂಕು ಜ್ವರವೂ ಇಲ್ಲದೆ ಒಳಗೊಳಗೇ ತೂಕ ತಿನ್ನುವುದುಂಟು. ಮೂತ್ರ ಹಿಡಿಯುವಾಗ ಅಂಟಿಸುವ ಚೀಲ ಬೇಡ, ಚರ್ಮದ ಕೊಳೆ ಸೇರಿ ಸುಳ್ಳು ಸೋಂಕು ತೋರಿಸುತ್ತದೆ. ತೊಳೆದು ಒರೆಸಿ, ನಡುಧಾರೆಯನ್ನು ಶುದ್ಧ ಡಬ್ಬಿಗೆ ಹಿಡಿಯಬೇಕು, ಆಗದಿದ್ದರೆ ಆಸ್ಪತ್ರೆಯಲ್ಲಿ ನಳಿಕೆಯಿಂದ ತೆಗೆಯುತ್ತಾರೆ.

ನಾಲ್ಕು ವಾರ ಕಾಯಬಾರದ ಸಂದರ್ಭಗಳೂ ಇವೆ. ತೂಕ ಇಳಿದರೆ, ಹಾಲು ಕುಡಿಯುವಾಗ ಹಣೆ ಬೆವರಿ ಏದುಸಿರು ಬಂದರೆ, ಎರಡೂ ಪಾದದಲ್ಲಿ ಬೆರಳೊತ್ತಿದರೆ ಗುಳಿ ಬೀಳುವ ಊತ ಕಂಡರೆ, ಮಗು ಮಂಕಾಗಿ ಆಟ ಬಿಟ್ಟರೆ, ನೆತ್ತಿ ಉಬ್ಬಿದರೆ, ಮನೆಯಲ್ಲಿ ಯಾರಿಗಾದರೂ ಎರಡು ವಾರ ಮೀರಿದ ಕೆಮ್ಮು ಇದ್ದರೆ ಕೂಡಲೇ ತೋರಿಸಿ.

ಇನ್ನೆರಡು ವಿಷಯ. ಕಬ್ಬಿಣದ ಸಿರಪ್ಪನ್ನು ಆಶಾ ಕಾರ್ಯಕರ್ತೆ ಕೊಟ್ಟಿದ್ದಾರಾ ನೋಡಿ: ಆರು ತಿಂಗಳಿಂದ ವಾರಕ್ಕೆ ಎರಡು ಸಲ, ಒಂದೊಂದು ಮಿಲಿ. ರಾಗಿ ಸರಿಯ ಜೊತೆಯಲ್ಲೋ ಹಾಲಿನ ಜೊತೆಯಲ್ಲೋ ಕೊಟ್ಟರೆ ಮೈಗೆ ಹತ್ತುವುದು ಕಡಿಮೆ, ಎರಡು ಊಟದ ನಡುವೆ ಕೊಡಿ. ಮಲ ಕಪ್ಪಾಗುತ್ತದೆ, ಅದು ಔಷಧದ ಬಣ್ಣ. ಜ್ವರ ಭೇದಿ ಇರುವ ದಿನ ನಿಲ್ಲಿಸಿ ಆಮೇಲೆ ಮುಂದುವರಿಸಿ. ವಿಟಮಿನ್ ಡಿ ಹನಿ ದಿನಕ್ಕೆ 400 ಯೂನಿಟ್, ಬಾಟಲಿಯ ಮೇಲೆ ಒಂದು ಮಿಲಿಗೆ ಎಷ್ಟು ಯೂನಿಟ್ ಎಂದು ಓದಿಯೇ ಹಾಕಿ, ಕಂಪನಿಯಿಂದ ಕಂಪನಿಗೆ ಬೇರೆ ಇರುತ್ತದೆ. ಒಂಬತ್ತು ತಿಂಗಳ ದಡಾರ ರುಬೆಲ್ಲಾ ಲಸಿಕೆ ಈ ವಾರವೇ ಹಾಕಿಸಿ, ಅದರ ಜೊತೆಗೇ ಒಂದು ಲಕ್ಷ ಯೂನಿಟ್ಟಿನ ವಿಟಮಿನ್ ಎ ಮೊದಲ ಡೋಸು ಕೊಡುತ್ತಾರೆ.

ಮುಂದೆ ಭೇದಿಯಾದರೆ ಓಆರ್‌ಎಸ್ ಜೊತೆ ಜಿಂಕ್ 20 ಮಿಗ್ರಾಂ ದಿನಕ್ಕೊಂದರಂತೆ 14 ದಿನ, ಭೇದಿ ಮೂರೇ ದಿನಕ್ಕೆ ನಿಂತರೂ ಪೂರ್ತಿ ಕೊಡಬೇಕು. ಸರಿಯನ್ನು ತೆಳು ಮಾಡಬೇಡಿ. ಪ್ರಮಾಣ ಕಡಿಮೆ ಮಾಡಿ ಹೆಚ್ಚು ಸಲ ಕೊಡಿ. ಗುಣವಾದ ಮೇಲೆ ಎರಡು ವಾರ ದಿನಕ್ಕೆ ಒಂದು ಊಟ ಹೆಚ್ಚಿಗೆ. ಕಳೆದ ಸಲ ಆ ಎರಡು ವಾರ ತಪ್ಪಿಹೋಗಿದ್ದೇ ಎಂಟನೇ ತಿಂಗಳ ಚುಕ್ಕೆಯಲ್ಲಿ ಕಾಣುತ್ತಿದೆ. ಹತ್ತನೇ ತಿಂಗಳ ತೂಕ ಬಂದ ದಿನ ಇಲ್ಲೇ ಬರೆಯಿರಿ ಸರ್, ಉದ್ದವನ್ನೂ ಆ ದಿನವೇ ಇಬ್ಬರು ಸೇರಿ ಅಳೆಸಿ.